ಐಸಿನಲ್ಲಿಟ್ಟ ಬೀಕರು

ಏಪ್ರಿಲ್ ಮಧ್ಯಾಹ್ನ. ಬೆಂಗಳೂರಿನ ನಮ್ಮ ಲ್ಯಾಬಿನ ಥರ್ಮಾಮೀಟರು 30 ಡಿಗ್ರಿ ತೋರಿಸುತ್ತಿತ್ತು. ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಪ್ರಾಜೆಕ್ಟಿಗಾಗಿ ನಾನು ಎರಡು ವಾರದಿಂದ ಒಂದೇ ಪ್ರೋಟೀನಿನ ಹಿಂದೆ ಬಿದ್ದಿದ್ದೆ. ಅದರ ಐಸೋಎಲೆಕ್ಟ್ರಿಕ್ ಪಾಯಿಂಟು, ಎಂದರೆ ಒಟ್ಟು ಚಾರ್ಜು ಸೊನ್ನೆಯಾಗುವ ಪಿಎಚ್, 8.3. ಪಿಎಚ್ ಅದಕ್ಕಿಂತ ಕೆಳಗಿದ್ದರೆ ಪ್ರೋಟೀನು ಪಾಸಿಟಿವ್, ಮೇಲಿದ್ದರೆ ನೆಗೆಟಿವ್. ಅಂದರೆ ಪಿಎಚ್ 8.0 ಇರುವ ಟ್ರಿಸ್ ಬಫರಿನಲ್ಲಿ (ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ) ಅದಕ್ಕೆ ಸ್ವಲ್ಪ ಪಾಸಿಟಿವ್ ಚಾರ್ಜು. ಚಾರ್ಜು ನೋಡಿ ಪ್ರೋಟೀನುಗಳನ್ನು ಬೇರ್ಪಡಿಸುವ ಡಿಇಎಇ ಕಾಲಮ್ಮಿಗೂ ಪಾಸಿಟಿವ್ ಚಾರ್ಜೇ. ಹಾಗಾಗಿ ನೆಗೆಟಿವ್ ಇರುವ ಮಿಕ್ಕ ಪ್ರೋಟೀನುಗಳು ಅಂಟಿಕೊಂಡು, ನನ್ನದು ಮೊದಲೇ ಇಳಿದು ಬರಬೇಕು.

ಬರಲಿಲ್ಲ. ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಇಪ್ಪತ್ತು ಟ್ಯೂಬು ಹಿಡಿದೆ. ಪ್ರೋಟೀನುಗಳು ಬೆಳಕು ಹೀರುವ 280 ನ್ಯಾನೋಮೀಟರಿನಲ್ಲಿ ಎಲ್ಲದರ ರೀಡಿಂಗೂ ಸೊನ್ನೆಯ ಹತ್ತಿರ. ಇದು ಮೂರನೇ ಸಲ. ಅಳು ಬರುವಂತಾಗಿತ್ತು.

ಮೇಡಂ ಬಂದು ನೋಡಿದರು. "ಬಫರ್ ಎಲ್ಲಿ ಮಾಡಿದ್ದಮ್ಮಾ?"

"ಇಲ್ಲೇ ಮೇಡಂ, ಬೆಂಚಿನ ಮೇಲೆ."

"ಕಾಲಮ್ ಇರೋದು?"

"ಕೋಲ್ಡ್ ರೂಮಲ್ಲಿ. 4 ಡಿಗ್ರಿ."

ಅವರು ಮತ್ತೇನೂ ಹೇಳಲಿಲ್ಲ. ನನ್ನ ಬಾಟಲಿಯಿಂದ ಸ್ವಲ್ಪ ಬಫರನ್ನು ಬೀಕರಿಗೆ ಸುರಿದು, ಐಸ್ ಬಕೆಟ್ಟಿನಲ್ಲಿಟ್ಟು, ಎಲೆಕ್ಟ್ರೋಡು ಇಳಿಬಿಟ್ಟು, "ನೋಡ್ತಾ ಇರು" ಅಂದರು. 8.00. ಬೀಕರಿನ ಹೊರಮೈ ಬೆವರತೊಡಗಿತು. 8.15. 8.34. ಒಂದು ಹನಿ ಆಸಿಡ್ಡನ್ನಾಗಲಿ ಕ್ಷಾರವನ್ನಾಗಲಿ ಯಾರೂ ಹಾಕಿರಲಿಲ್ಲ. ಅಂಕಿ ಏರುತ್ತಲೇ ಹೋಗಿ 8.7ರ ಹತ್ತಿರ ನಿಂತಿತು. ಮೀಟರಿನ ತಪ್ಪಿರಬಹುದೇ ಎಂದು ಕೇಳಿದೆ. ಮೀಟರಿನ ತಾಪಮಾನ ತಿದ್ದುಪಡಿ ಎಲೆಕ್ಟ್ರೋಡಿಗೆ ಸಂಬಂಧಿಸಿದ್ದು, ಬಫರು ನಿಜವಾಗಿಯೂ ಬದಲಾಗುತ್ತಿದೆ ಎಂದರು.

ಟ್ರಿಸ್ ತನ್ನ ಪ್ರೋಟಾನನ್ನು ಬಿಟ್ಟುಕೊಡಬೇಕಾದರೆ ಶಾಖ ಹೀರಿಕೊಳ್ಳಬೇಕು, ಮೋಲಿಗೆ ಸುಮಾರು 47 ಕಿಲೋಜೂಲ್. ತಣ್ಣಗಾದಾಗ ಸಮತೋಲ ಹಿಂದಕ್ಕೆ ಸರಿಯುತ್ತದೆ, ಪ್ರೋಟಾನುಗಳು ಟ್ರಿಸ್ಸಿಗೇ ಮರಳುತ್ತವೆ, ಪಿಎಚ್ ಏರುತ್ತದೆ. ಡಿಗ್ರಿಗೆ 0.028ರಂತೆ 26 ಡಿಗ್ರಿಗೆ 0.73. ಫಾಸ್ಫೇಟ್ ಬಫರಿನಲ್ಲಾದರೆ ಇದರ ಸುಮಾರು ಹತ್ತನೇ ಒಂದು ಭಾಗದಷ್ಟೇ ಬದಲಾವಣೆ. 8.7ರಲ್ಲಿ ನನ್ನ ಪ್ರೋಟೀನು ನೆಗೆಟಿವ್ ಆಗಿ ಕಾಲಮ್ಮಿಗೆ ಕಚ್ಚಿಕೊಂಡು ಕೂತಿತ್ತು.

ತಾಪಮಾನ ಬದಲಾದಾಗ ಸಮತೋಲ ಎಷ್ಟು ಸರಿಯುತ್ತದೆ ಎಂದು ಹೇಳುವ ವ್ಯಾಂಟ್ ಹಾಫ್ ಸಮೀಕರಣ ನನಗೆ ಬಾಯಿಪಾಠವಿತ್ತು. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ಬಂದಿತ್ತು. ಆದರೆ ನಮಗೆ ಅದನ್ನು ಕಲಿಸಿದ್ದು ಅನಿಲಗಳ ಉದಾಹರಣೆ ಇಟ್ಟುಕೊಂಡು, ಕಪ್ಪುಹಲಗೆಯ ಮೇಲೆ. ಜೀವಶಾಸ್ತ್ರದ ಮಕ್ಕಳಿಗೆ ಭೌತರಸಾಯನವನ್ನು ಈ ಐಸ್ ಬಕೆಟ್ಟಿನಿಂದಲೇ ಶುರುಮಾಡಬೇಕು ಎಂದು ನನಗೆ ಅವತ್ತಿನಿಂದ ಬಲವಾಗಿ ಅನ್ನಿಸಿದೆ. ಹತ್ತು ನಿಮಿಷ ಸಾಕು.

ಮರುದಿನ ಬೆಳಿಗ್ಗೆ ಪಿಎಚ್ ಮೀಟರನ್ನೇ ಕೋಲ್ಡ್ ರೂಮಿಗೆ ಹೊತ್ತೊಯ್ದೆ. ಬಫರು ಪೂರ್ತಿ ತಣ್ಣಗಾಗುವ ತನಕ ಕಾದು, ಮರಗಟ್ಟಿದ ಬೆರಳಿನಲ್ಲಿ ಹನಿಹನಿಯಾಗಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ 8.0ಕ್ಕೆ ತಂದೆ. ಬಾಟಲಿಯ ಮೇಲೆ ಮಾರ್ಕರಿನಲ್ಲಿ "8.0, 4 ಡಿಗ್ರಿಯಲ್ಲಿ" ಎಂದು ಬರೆದೆ. ಹೊಸ ಕಾಲಮ್ ಕಟ್ಟಿ ಸ್ಯಾಂಪಲ್ ಹಾಕುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಮೂರನೇ ಟ್ಯೂಬು 0.05. ನಾಲ್ಕನೆಯದು 0.61. ಐದನೆಯದನ್ನು ಓದುವ ಮೊದಲೇ ಮೇಡಂ ರೂಮಿಗೆ ಓಡಿದೆ.