ಮಿಲ್ಪಾದ ತರಕಾರಿ, ನಮ್ಮ ಮನೆಯ ಹೆಂಚು

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮೆಕ್ಸಿಕನ್ ಅಡುಗೆ ಹೊಸತೇನಲ್ಲ. ಟೋರ್ಟಿಯಾ ಎಂಬ ಮೈದಾದ ತೆಳು ರೊಟ್ಟಿ, ಡಬ್ಬಿಯ ಬೀನ್ಸ್, ಪೊಟ್ಟಣದ ಟಾಕೊ ಮಸಾಲೆ, ಮೇಲೆ ಧಾರಾಳವಾಗಿ ತುರಿದ ಹಳದಿ ಚೀಸ್ ಇವಿಷ್ಟಿದ್ದರೆ ಅರ್ಧ ಗಂಟೆಯಲ್ಲಿ ರಾತ್ರಿಯ ಊಟ ಸಿದ್ಧವಾಗುತ್ತದೆ, ಮಕ್ಕಳೂ ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಈ ಅಡುಗೆಯ ಹಿಂದೆ ಒಂದು ತಪ್ಪು ಕಲ್ಪನೆ ಇದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಮೆಕ್ಸಿಕೋದ ಊಟವೆಂದರೆ ಮೂಲತಃ ಮಾಂಸದ ಊಟ, ಅದರಿಂದ ಮಾಂಸವನ್ನು ತೆಗೆದು ಆ ಜಾಗಕ್ಕೆ ಪನೀರನ್ನೋ ಸೋಯಾ ಚೂರನ್ನೋ ತುಂಬಿದರೆ ಅದು ಸಸ್ಯಾಹಾರವಾಗುತ್ತದೆ ಎಂಬುದೇ ಆ ಕಲ್ಪನೆ. ಮೆಕ್ಸಿಕೋದ ಹಳ್ಳಿಯ ಅಡುಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಅಲ್ಲಿ ಸಸ್ಯಾಹಾರಿಗೆ ಬದಲಿ ಪದಾರ್ಥವೇ ಬೇಕಿಲ್ಲದ ನೂರಾರು ತಿನಿಸುಗಳಿವೆ ಎಂಬುದು ತಿಳಿಯುತ್ತದೆ. ಅವು ಯಾವುದರ ಬದಲಿಯೂ ಅಲ್ಲ, ಮೊದಲಿನಿಂದಲೂ ತರಕಾರಿಯ ಅಡುಗೆಗಳೇ.

ಇದಕ್ಕೆ ಕಾರಣ ಮಿಲ್ಪಾ. ಮೆಕ್ಕೆಜೋಳ, ಬೀನ್ಸ್ ಮತ್ತು ಕುಂಬಳವನ್ನು ಒಂದೇ ಹೊಲದಲ್ಲಿ ಒಟ್ಟಿಗೆ ಬೆಳೆಯುವ ಪದ್ಧತಿಗೆ ಅಲ್ಲಿನ ಜನ ಹಾಗೆ ಕರೆಯುತ್ತಾರೆ. ಜೋಳದ ದಂಟನ್ನು ಹಿಡಿದು ಬೀನ್ಸ್ ಬಳ್ಳಿ ಮೇಲೇರುತ್ತದೆ, ಅದರ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕವನ್ನು ಸೇರಿಸುತ್ತವೆ, ಕುಂಬಳದ ಅಗಲವಾದ ಎಲೆಗಳು ನೆಲವನ್ನು ಮುಚ್ಚಿ ತೇವವನ್ನು ಕಾಯುತ್ತವೆ ಮತ್ತು ಕಳೆಯನ್ನು ತಡೆಯುತ್ತವೆ. ಜೊತೆಗೆ ಮೆಣಸಿನಕಾಯಿ, ಟೊಮೇಟೊ ಹಾಗೂ ತಾವಾಗಿ ಹುಟ್ಟುವ ಹತ್ತಾರು ಸೊಪ್ಪುಗಳೂ ಅದೇ ಹೊಲದಲ್ಲಿರುತ್ತವೆ. ಓಹಾಕಾ ರಾಜ್ಯದ ಗಿಲಾ ನಕಿಟ್ಸ್ ಎಂಬ ಗುಹೆಯಲ್ಲಿ ಸಿಕ್ಕ ಕುಂಬಳದ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಳೆಯವು ಎಂದರೆ ಈ ಬೇಸಾಯದ ಬೇರು ಎಷ್ಟು ಆಳದ್ದೆಂದು ಊಹಿಸಬಹುದು. ಆ ಜನ ಸಸ್ಯಾಹಾರಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಟರ್ಕಿ ಕೋಳಿ, ಮೀನು, ಬೇಟೆಯ ಪ್ರಾಣಿ, ಕೀಟಗಳು ಎಲ್ಲವೂ ಅವರ ಆಹಾರದಲ್ಲಿದ್ದವು. ಆದರೆ ದಿನನಿತ್ಯದ ಊಟ ಹೊಲದಿಂದ ಬರುತ್ತಿತ್ತು. ಹಂದಿ, ಹಂದಿಯ ಕೊಬ್ಬು, ದನದ ಮಾಂಸ, ಚೀಸ್ ಇವೆಲ್ಲ 16ನೆಯ ಶತಮಾನದಲ್ಲಿ ಸ್ಪೇನಿನವರ ಜೊತೆ ಬಂದವು. 2010ರಲ್ಲಿ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಮಿಲ್ಪಾ ಬೇಸಾಯ ಮತ್ತು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವ ವಿಧಾನ ಎರಡನ್ನೂ ಆ ಅಡುಗೆಯ ಅಂಗವೆಂದೇ ಪರಿಗಣಿಸಿತು.

ಸುಣ್ಣದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಡೀ ಅಡುಗೆ ಇದರ ಮೇಲೆ ನಿಂತಿದೆ. ಒಣಗಿದ ಮೆಕ್ಕೆಜೋಳ ಒಂದು ಕಿಲೋ ಇದ್ದರೆ ಸುಮಾರು 10 ಗ್ರಾಂ ತಿನ್ನುವ ಸುಣ್ಣವನ್ನು ನೀರಿನಲ್ಲಿ ಕರಗಿಸಿ, ಕಾಳನ್ನು ಅದರಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೆಯೇ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಕೈಯಿಂದ ಉಜ್ಜಿ ತೊಳೆದರೆ ಕಾಳಿನ ಸಿಪ್ಪೆ ಲೋಳೆಯಾಗಿ ಕಳಚಿಕೊಳ್ಳುತ್ತದೆ. ಹೀಗೆ ಸಿದ್ಧವಾದ ಕಾಳಿಗೆ ನಿಷ್ಟಮಾಲ್ ಎಂದೂ, ಅದನ್ನು ರುಬ್ಬಿದ ಹಿಟ್ಟಿಗೆ ಮಾಸಾ ಎಂದೂ ಹೆಸರು. ನಾವು ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಇದೇ ವಸ್ತು. ಸುಣ್ಣದಲ್ಲಿ ಬೆಂದ ಜೋಳಕ್ಕೆ ಅಂಟುವ ಗುಣ ಬರುತ್ತದೆ, ಕ್ಯಾಲ್ಸಿಯಂ ಹೆಚ್ಚುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಾಳಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವ ರೂಪಕ್ಕೆ ಬರುತ್ತದೆ. ಯುರೋಪಿನವರು ಜೋಳವನ್ನು ಕೊಂಡೊಯ್ದರು, ಆದರೆ ಅದನ್ನು ಬೇಯಿಸುವ ಈ ವಿಧಾನವನ್ನು ಕೊಂಡೊಯ್ಯಲಿಲ್ಲ. ಪರಿಣಾಮವಾಗಿ ಬರೀ ಜೋಳವನ್ನೇ ನಂಬಿದ ಬಡವರಲ್ಲಿ, ನಯಾಸಿನ್ ಸಾಲದೆ ಬರುವ ಪೆಲಾಗ್ರಾ ಎಂಬ ರೋಗ ಕಾಣಿಸಿಕೊಂಡಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿಯೇ ಅದನ್ನು ವಿವರಿಸಿದ್ದನು. ಮುಂದೆ ಉತ್ತರ ಇಟಲಿಯಲ್ಲಿಯೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೂ ಅದು ಅಪಾರ ಜನರನ್ನು ಕಾಡಿತು. ಅಡುಗೆಮನೆಯ ಹೆಂಗಸರ ಅರಿವನ್ನು ಬಿಟ್ಟು ಬೆಳೆಯನ್ನು ಮಾತ್ರ ಎತ್ತಿಕೊಂಡು ಹೋದುದಕ್ಕೆ ಜಗತ್ತು ತೆತ್ತ ಬೆಲೆ ಅದು ಎಂದು ನಾನು ಭಾವಿಸುತ್ತೇನೆ.

ದಿನವೂ ಜೋಳ ಬೇಯಿಸಿ ರುಬ್ಬುವುದು ನಮ್ಮಂಥವರಿಗೆ ಸಾಧ್ಯವಾಗದು. ಸ್ಯಾನ್ ಹೋಸೆಯಂಥ ಊರಿನಲ್ಲಿ ಮೆಕ್ಸಿಕನ್ ಅಂಗಡಿಗಳಲ್ಲಿ ಹಸಿ ಮಾಸಾ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಮಾಸಾವನ್ನು ಒಣಗಿಸಿ ಪುಡಿ ಮಾಡಿದ ಮಾಸಾ ಹರೀನಾ ಎಂಬ ಹಿಟ್ಟು ಸಾಕು. ನಮ್ಮ ಭಾರತೀಯ ಅಂಗಡಿಗಳ ಮೆಕ್ಕೆಜೋಳದ ಹಿಟ್ಟಿನಿಂದ ಟೋರ್ಟಿಯಾ ಆಗುವುದಿಲ್ಲ, ಅದು ಸುಣ್ಣ ಕಂಡಿರುವುದಿಲ್ಲ. ಎರಡು ಕಪ್ ಮಾಸಾ ಹರೀನಾಕ್ಕೆ ಸುಮಾರು ಒಂದೂವರೆ ಕಪ್ ಬೆಚ್ಚಗಿನ ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡಬೇಕು. ಜೋಳದ ರೊಟ್ಟಿ ತಟ್ಟಿ ಅಭ್ಯಾಸವಿರುವ ಕೈಗೆ ಈ ಹಿಟ್ಟು ಬಹಳ ಸುಲಭವೆನಿಸುತ್ತದೆ. ಕುದಿಯುವ ನೀರೂ ಬೇಡ, ನಾದುವ ಶ್ರಮವೂ ಇಲ್ಲ. ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ ಚೆನ್ನಾಗಿ ಕಾದ ಹೆಂಚಿಗೆ ಹಾಕಿ, ಅಂಚು ಬಿಡುತ್ತಿದ್ದಂತೆ ತಿರುವಿ, ಎರಡನೆಯ ಬದಿಯನ್ನು ಒಂದು ನಿಮಿಷ ಬೇಯಿಸಿ ಮತ್ತೊಮ್ಮೆ ತಿರುವಿದರೆ ಉಬ್ಬುತ್ತದೆ. ಬೆಂದವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವುದನ್ನು ಮಾತ್ರ ಯಾರೂ ಬಿಡಬಾರದು, ಆ ಹಬೆಯಲ್ಲಿಯೇ ಟೋರ್ಟಿಯಾ ಮೆತ್ತಗಾಗುತ್ತದೆ.

ಇನ್ನು ಸಾಲ್ಸಾ, ಅಂದರೆ ಅಲ್ಲಿನ ಚಟ್ನಿ. ಮಸಾಲೆ ಪುಡಿಯ ಪೊಟ್ಟಣವನ್ನು ಅಡುಗೆಮನೆಯಿಂದ ಹೊರಗಿಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಅಷ್ಟೊಂದು ಜೀರಿಗೆ ಸುರಿಯುವುದು ಟೆಕ್ಸಾಸ್ ಕಡೆಯ ರೂಢಿ. ಮೆಕ್ಸಿಕೋದ ಮನೆಯಡುಗೆಯಲ್ಲಿ ಜೀರಿಗೆಯ ಕೈ ಬಲು ಹಗುರ. ಅಲ್ಲಿ ರುಚಿ ಹುಟ್ಟುವುದು ತರಕಾರಿಯನ್ನು ಒಣ ಹೆಂಚಿನ ಮೇಲೆ ಸುಡುವುದರಿಂದ. ಕಾಗದದಂಥ ಹೊದಿಕೆಯೊಳಗೆ ಬೆಳೆಯುವ, ಹುಳಿಯಾದ ಹಸಿರು ಟೊಮಾಟಿಯೊ ಅರ್ಧ ಕಿಲೋ ತೆಗೆದುಕೊಂಡು, ಹೊದಿಕೆ ಸುಲಿದು, ಅದರ ಮೈಮೇಲಿನ ಅಂಟು ಹೋಗುವಂತೆ ತೊಳೆಯಿರಿ. ಅದನ್ನು, ಎರಡು ಮೂರು ಸೆರಾನೊ ಮೆಣಸಿನಕಾಯಿ, ದಪ್ಪಗೆ ಬಿಲ್ಲೆ ಮಾಡಿದ ಅರ್ಧ ಈರುಳ್ಳಿ, ಸಿಪ್ಪೆ ಸಮೇತ ಮೂರು ಎಸಳು ಬೆಳ್ಳುಳ್ಳಿ ಇವುಗಳ ಜೊತೆ ಎಣ್ಣೆಯಿಲ್ಲದ ಹೆಂಚಿನ ಮೇಲೆ ಹರಡಿ ಸಾವಕಾಶವಾಗಿ ತಿರುವುತ್ತಿರಿ. ಅಲ್ಲಲ್ಲಿ ಕಪ್ಪು ಕಲೆ ಬಿದ್ದು, ಎಳೆ ಹಸಿರು ಮಾಸಲು ಬಣ್ಣಕ್ಕೆ ತಿರುಗಿ, ಕಾಯಿ ಮೆತ್ತಗಾದಾಗ ಇಳಿಸಬೇಕು. ಒಡೆದು ರಸ ಹೊರಬೀಳುವ ತನಕ ಬಿಡಬಾರದು. ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪನ್ನು ಕಲ್ಲಿನಲ್ಲಿ ಜಜ್ಜಿ, ಆಮೇಲೆ ಟೊಮಾಟಿಯೊ ಸೇರಿಸಿ ಒರಟಾಗಿ ಅರೆದು, ಕೊನೆಗೆ ಹೆಚ್ಚಿದ ಕೊತ್ತಂಬರಿ ಬೆರೆಸಿದರೆ ಸಾಲ್ಸಾ ವೆರ್ದೆ ಆಯಿತು. ಅಗ್ನಿಶಿಲೆಯನ್ನು ಕಡೆದು ಮಾಡಿದ, ಮೂರು ಕಾಲಿನ ಮೋಲ್ಕಹೇತೆ ಎಂಬ ಒರಳಿನಲ್ಲಿ ಅಲ್ಲಿಯವರು ಇದನ್ನು ಅರೆಯುತ್ತಾರೆ. ನಮ್ಮ ಮನೆಯ ಕುಟ್ಟಾಣಿಯಲ್ಲಿಯೂ ಆಗುತ್ತದೆ, ಮಿಕ್ಸಿಯಾದರೆ ಒಂದೆರಡು ಸುತ್ತಿಗೇ ನಿಲ್ಲಿಸಬೇಕು. ಟೊಮಾಟಿಯೊ ಇಲ್ಲದ ತಿಂಗಳುಗಳಲ್ಲಿ ಹಣ್ಣಾದ ಟೊಮೇಟೊವನ್ನು ಇದೇ ರೀತಿ ಸುಟ್ಟು ಕೆಂಪು ಸಾಲ್ಸಾ ಮಾಡಬಹುದು.

ಬೇಸಿಗೆಯ ನಡುವಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ರೈತರ ಸಂತೆಗೆ ಹೋದರೆ ಮಿಲ್ಪಾದ ಬಹುಪಾಲು ಬೆಳೆ ಒಂದೇ ಬುಟ್ಟಿಗೆ ಬರುತ್ತದೆ. ಆಗ ನಾನು ಹೆಚ್ಚಾಗಿ ಮಾಡುವುದು ಕಲಬಸೀತಾಸ್. ಈರುಳ್ಳಿ ಬೆಳ್ಳುಳ್ಳಿಯನ್ನು ಬಾಡಿಸಿ, ಟೊಮೇಟೊ ಹಾಕಿ ಕರಗಿದ ಮೇಲೆ, ಎಳೆಯ ಜುಕಿನಿ ಹೋಳು, ತೆನೆಯಿಂದ ಆಗಷ್ಟೇ ಬಿಡಿಸಿದ ಜೋಳದ ಕಾಳು, ಸುಟ್ಟು ಸಿಪ್ಪೆ ತೆಗೆದು ಸೀಳಿದ ಪೊಬ್ಲಾನೊ ಮೆಣಸಿನಕಾಯಿ ಸೇರಿಸಿ ಮುಚ್ಚಿ ಬೇಯಿಸುವ ಪಲ್ಯ ಇದು. ನೀರು ಹಾಕುವ ಅಗತ್ಯವಿಲ್ಲ, ತರಕಾರಿಯ ನೀರೇ ಸಾಕು. ಜೋಳ ಕೊಯ್ದ ದಿನವೇ ಮಾಡಿದರೆ ಬರುವ ಸಿಹಿ ಎರಡು ದಿನ ಫ್ರಿಜ್ಜಿನಲ್ಲಿಟ್ಟ ತೆನೆಯಿಂದ ಬರುವುದಿಲ್ಲ. ಬೆಳಗಿನ ಸಂತೆಯಲ್ಲಿ ಕುಂಬಳದ ಹೂ ಸಿಕ್ಕರೆ ಬೇರೆ ಯೋಚನೆಯೇ ಬೇಡ: ತೊಟ್ಟು ಮತ್ತು ಒಳಗಿನ ಕೇಸರವನ್ನು ತೆಗೆದು, ಈರುಳ್ಳಿ ಹಸಿಮೆಣಸಿನಕಾಯಿಯೊಂದಿಗೆ ಎರಡೇ ನಿಮಿಷ ಬಾಡಿಸಿ, ಎಳೆಎಳೆಯಾಗಿ ಬಿಡಿಸಿದ ಓಹಾಕಾ ಚೀಸಿನ ಜೊತೆ ಹಸಿ ಮಾಸಾದ ಹಾಳೆಯೊಳಗೆ ಮಡಚಿ ಹೆಂಚಿನ ಮೇಲೆ ಬೇಯಿಸಿದರೆ ಮೆಕ್ಸಿಕೋ ನಗರದ ಬೀದಿಗಳಲ್ಲಿ ಮಾರುವ ಕೆಸಡೀಯ ಮನೆಯಲ್ಲೇ ಆಗುತ್ತದೆ.

ಸೊಪ್ಪುಗಳ ಕುರಿತು ನಮ್ಮವರು ಅಷ್ಟಾಗಿ ಮಾತನಾಡುವುದಿಲ್ಲ, ಆದರೆ ನಮಗೆ ಅತಿ ಹತ್ತಿರದ ಭಾಗ ಅದೇ. ಹೊಲದಲ್ಲಿ ತಾವಾಗಿ ಬೆಳೆಯುವ ಎಳೆಸೊಪ್ಪುಗಳನ್ನೆಲ್ಲ ಅಲ್ಲಿ ಕೆಲೀತೆ ಎನ್ನುತ್ತಾರೆ. ದಂಟಿನ ಜಾತಿಯ ಸೊಪ್ಪು, ಗೋಣಿಸೊಪ್ಪು ಎರಡೂ ಅದರಲ್ಲಿ ಸೇರಿವೆ. ಗೋಣಿಸೊಪ್ಪನ್ನು ಸಾಲ್ಸಾ ವೆರ್ದೆಯಲ್ಲಿ ಬೇಯಿಸುವುದು ಅಲ್ಲಿ ಪ್ರಸಿದ್ಧ, ಬಹಳ ಮನೆಗಳಲ್ಲಿ ಹಂದಿಮಾಂಸದೊಂದಿಗೆ. ನಾನು ಆಲೂಗಡ್ಡೆಯೊಂದಿಗೆ ಮಾಡುತ್ತೇನೆ, ಸೊಪ್ಪಿನ ಹುಳಿಗೆ ಅದು ಚೆನ್ನಾಗಿ ಹೊಂದುತ್ತದೆ. ನೊಪಾಲ್ ಎಂಬ ಪಾಪಾಸುಕಳ್ಳಿಯ ಎಳೆಯ ಪಟ್ಟಿಗಳೂ ತರಕಾರಿಯೇ. ಮುಳ್ಳು ತೆಗೆದದ್ದನ್ನೇ ಅಂಗಡಿಯಲ್ಲಿ ಕೊಂಡು, ಉದ್ದುದ್ದ ಹೆಚ್ಚಿ, ಬಾಣಲೆಯಲ್ಲಿ ಉಪ್ಪಿನೊಂದಿಗೆ ಹುರಿಯುತ್ತಿದ್ದರೆ ಬೆಂಡೆಕಾಯಿಯಂತೆಯೇ ಮೊದಲು ಲೋಳೆ ಬಿಟ್ಟು ಕ್ರಮೇಣ ಒಣಗುತ್ತದೆ. ಮುಚ್ಚಳ ಮುಚ್ಚಬಾರದು, ಅವಸರವನ್ನೂ ಮಾಡಬಾರದು.

ಬೀನ್ಸ್ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕಾದ ಸಂಗತಿಯೊಂದಿದೆ. ಹೋಟೆಲುಗಳ ಅರೆದು ಹುರಿದ ಬೀನ್ಸ್‌ನಲ್ಲಿ ಹಂದಿಯ ಕೊಬ್ಬು ಇರುವುದು ಸಾಮಾನ್ಯ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಉಂಟು, ಮೈದಾ ಟೋರ್ಟಿಯಾಕ್ಕೂ ಸಾಂಪ್ರದಾಯಿಕವಾಗಿ ಕೊಬ್ಬನ್ನೇ ಹಾಕುತ್ತಾರೆ. ಕೇಸೊ ಫ್ರೆಸ್ಕೊ ಮೊದಲಾದ ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರಬಹುದಾದ್ದರಿಂದ ಚೀಟಿಯನ್ನು ಓದಿಯೇ ಕೊಳ್ಳಬೇಕು. ಮನೆಯಲ್ಲಿ ಒಡೆದ ಹಾಲಿನ ಪನೀರನ್ನು ಸ್ವಲ್ಪ ಹೆಚ್ಚು ಉಪ್ಪಿನೊಂದಿಗೆ ಪುಡಿ ಮಾಡಿ ಉದುರಿಸಿದರೆ ಅದರ ಕೆಲಸ ನಡೆಯುತ್ತದೆ, ಪನೀರಿಗೆ ಇಲ್ಲಿ ನಿಜವಾದ ಸ್ಥಾನ ಅದೇ. ಮನೆಯ ಬೀನ್ಸ್ ಸರಳ: ಕಪ್ಪು ಬೀನ್ಸ್ ಕಾಳನ್ನು ಅರ್ಧ ಈರುಳ್ಳಿ ಮತ್ತು ಘಾಟಿನ ಎಪಸೋತೆ ಸೊಪ್ಪಿನ ಒಂದು ಕಡ್ಡಿಯೊಂದಿಗೆ ಮೆತ್ತಗೆ ಬೇಯಿಸಿ, ಉಪ್ಪು ಹಾಕಿ, ಬೆಂದ ಕಟ್ಟನ್ನು ಚೆಲ್ಲದೆ ಸಾರಿನಂತೆ ಬಡಿಸಬೇಕು. ಉಳಿದದ್ದನ್ನು ಮರುದಿನ ಈರುಳ್ಳಿಯ ಒಗ್ಗರಣೆಯಲ್ಲಿ, ಅದೇ ಕಟ್ಟಿನೊಂದಿಗೆ ಮಸೆದು ಗಟ್ಟಿ ಮಾಡಬಹುದು.

ಯುಕತಾನ್ ಪರ್ಯಾಯದ್ವೀಪದ ಮಾಯಾ ಜನರ ಸಿಕಿಲ್ ಪಾಕ್ ಎಂಬ ಕುಂಬಳಬೀಜದ ಚಟ್ನಿ ಇಡೀ ಮೆಕ್ಸಿಕೋದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಒಂದು ಕಪ್ ಕುಂಬಳದ ಬೀಜವನ್ನು ಚಟಪಟ ಸಿಡಿಯುವವರೆಗೆ ಹುರಿದು ಪುಡಿ ಮಾಡಿ, ಸುಟ್ಟ ಮೂರು ಟೊಮೇಟೊ, ಸುಟ್ಟ ಹಬನೇರೊ ಮೆಣಸಿನಕಾಯಿಯ ಒಂದು ಚೂರು, ಈರುಳ್ಳಿ, ಕೊತ್ತಂಬರಿ, ಉಪ್ಪು ಸೇರಿಸಿ ಅರೆಯಬೇಕು. ಅಲ್ಲಿ ಹುಳಿಕಿತ್ತಳೆಯ ರಸ ಹಿಂಡುತ್ತಾರೆ. ನಿಂಬೆ ಮತ್ತು ಕಿತ್ತಳೆಯ ರಸ ಸಮಸಮ ಬೆರೆಸಿದರೂ ಆದೀತು. ಹಬನೇರೊ ನಮ್ಮ ಬ್ಯಾಡಗಿಗಿಂತ ಎಷ್ಟೋ ಪಟ್ಟು ಖಾರ, ಆದ್ದರಿಂದ ಚೂರು ಎಂದದ್ದನ್ನು ಚೂರೆಂದೇ ತಿಳಿಯಬೇಕು.

ಕರ್ನಾಟಕದಲ್ಲಿರುವ ಓದುಗರಿಗೆ ಟೊಮಾಟಿಯೊ, ನೊಪಾಲ್ ಸಿಗದೆಂಬುದು ದೊಡ್ಡ ಕೊರತೆಯೇನಲ್ಲ. ಬೆಂಗಳೂರಿನ ಸಂತೆಗಳಲ್ಲಿ ರಾಶಿ ಬೀಳುವ ಸೀಮೆಬದನೆಕಾಯಿ ಮೆಕ್ಸಿಕೋದ ಚಯೋತೆಯೇ, ಕೊಡಗಿನ ಬೆಣ್ಣೆಹಣ್ಣಿನ ತವರೂ ಆ ಕಡೆಯದೇ. ಸೀಮೆಬದನೆಯನ್ನು ಬಿಲ್ಲೆ ಮಾಡಿ ಬೇಯಿಸಿ, ಸುಟ್ಟ ಟೊಮೇಟೊದ ಸಾಲ್ಸಾ ಸುರಿದು, ಮೇಲೆ ಹುರಿದ ಕುಂಬಳದ ಬೀಜ ಉದುರಿಸಿದರೆ ಅದು ಅಲ್ಲಿಯ ಅಡುಗೆಗೆ ಪೂರ್ತಿ ಸಲ್ಲುವಂಥದ್ದು. ದಂಟು, ಗೋಣಿಸೊಪ್ಪು, ಕುಂಬಳದ ಹೂ ಎಲ್ಲವೂ ನಿಮ್ಮಲ್ಲಿ ನಮ್ಮಲ್ಲಿಗಿಂತ ತಾಜಾ ಸಿಗುತ್ತವೆ.

ಉಳಿದ ಟೋರ್ಟಿಯಾಗಳನ್ನು ಎಸೆಯಬೇಡಿ. ತ್ರಿಕೋನವಾಗಿ ಕತ್ತರಿಸಿ, ಒಂದು ರಾತ್ರಿ ತೆರೆದಿಟ್ಟು ಒಣಗಿಸಿ, ಬೆಳಿಗ್ಗೆ ಗರಿಗರಿಯಾಗಿ ಕರಿಯಿರಿ ಅಥವಾ ಓವನ್ನಿನಲ್ಲಿ ಸುಡಿರಿ. ಸಾಲ್ಸಾ ವೆರ್ದೆಯನ್ನು ಸ್ವಲ್ಪ ನೀರಿನೊಂದಿಗೆ ಬಾಣಲೆಯಲ್ಲಿ ಕುದಿಸಿ, ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆಯೇ ತುಂಡುಗಳನ್ನು ಅದರಲ್ಲಿ ಹೊರಳಿಸಿ, ಈರುಳ್ಳಿ, ಗಟ್ಟಿ ಮೊಸರಿನಂಥ ಕ್ರೇಮಾ, ಪುಡಿ ಮಾಡಿದ ಪನೀರ್ ಹಾಕಿ ಕೂಡಲೇ ಬಡಿಸಿದರೆ ಚಿಲಕೀಲೆಸ್ ಎಂಬ ಬೆಳಗಿನ ತಿಂಡಿಯಾಗುತ್ತದೆ. ಅರ್ಧ ಮೆತ್ತಗೆ, ಅರ್ಧ ಗರಿಯಾಗಿರುವ ಆ ಹದ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಹಾಗಾಗಿ ಮಕ್ಕಳನ್ನು ಮೊದಲು ಕರೆದು ಕೂರಿಸಿ.