ಬೆನ್ನಿನ ಬಣ್ಣ ನೋಡಿ ಹೆಸರಿಡುವುದು

ಮೈಸೂರಿನಲ್ಲಿ ಮಳೆ ಹಿಡಿಯುತ್ತಿದ್ದಂತೆ ಕೊಡಗಿಗೆ ಹೋಗಿ ಬಂದವರ ಕಪ್ಪೆಚಿತ್ರಗಳು ಫೋನಿಗೆ ಬರತೊಡಗುತ್ತವೆ. ಹಳದಿಯದೊಂದು ಪ್ರಭೇದ, ಕಂದಿನದು ಇನ್ನೊಂದು ಎಂಬ ತೀರ್ಪೂ ಅವುಗಳ ಜೊತೆಗೇ ಇರುತ್ತದೆ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ವಿಷಯದಲ್ಲಿ ಇಷ್ಟು ಅವಸರ ಸಲ್ಲದು. ಒಂದೇ ಪ್ರಭೇದದೊಳಗೆ ಬೆನ್ನಿನ ಬಣ್ಣವೂ ಪಟ್ಟೆ, ಮಚ್ಚೆಗಳೂ ಬದಲಾಗುತ್ತವೆ. ಅದೇ ಹೊತ್ತಿಗೆ, ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಕಪ್ಪೆಗಳು ಡಿಎನ್‌ಎ ಹೋಲಿಕೆಯಲ್ಲಿ ಪ್ರತ್ಯೇಕ ಪ್ರಭೇದಗಳೆಂದು ತಿಳಿದುಬರುವುದೂ ಉಂಟು. ಆದ್ದರಿಂದಲೇ ಸಂಶೋಧಕರು ದೇಹದ ಅಳತೆ, ಕಾಲ್ಬೆರಳುಗಳ ನಡುವಿನ ಜಾಲಪೊರೆ, ಸಿಕ್ಕ ಜಾಗದ ಎತ್ತರ, ಎಲ್ಲಕ್ಕಿಂತ ಮಿಗಿಲಾಗಿ ಗಂಡಿನ ಕೂಗು, ಇವನ್ನೆಲ್ಲ ಒಟ್ಟಿಗಿಟ್ಟು ನೋಡುತ್ತಾರೆ. ಚಳಿಯ ರಾತ್ರಿಯಲ್ಲಿ ಕೂಗಿನ ಲಯವೇ ನಿಧಾನಗೊಳ್ಳುವುದರಿಂದ, ಧ್ವನಿಮುದ್ರಣದ ಜೊತೆಗೆ ಆ ಹೊತ್ತಿನ ಉಷ್ಣತೆಯನ್ನೂ ಬರೆದಿಡಬೇಕಾಗುತ್ತದೆ. (ನಮ್ಮ ಫೋನುಗಳಲ್ಲಿ ಚಿತ್ರವಿರುತ್ತದೆ, ಕೂಗು ಇರುವುದಿಲ್ಲ.)

ಈ ತೊಡಕಿಗೆ ನಮ್ಮ ನಾಡಿನದೇ ಒಂದು ಹಿನ್ನೆಲೆಯಿದೆ. ಅಂದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಮೊದಲ ಬಾರಿಗೆ ವರ್ಣಿಸಿದರು. ಆದರೆ ಆ ವರ್ಣನೆಗಳಿಗೆ ಆಧಾರವಾಗಿದ್ದ ಮಾದರಿಗಳು ಮುಂದೆ ಕಳೆದುಹೋದವು. ಹೀಗಾಗಿ ಅವರು ಹೆಸರಿಸಿದ ಕಪ್ಪೆ ಯಾವುದೆಂದು ಖಚಿತಪಡಿಸಿಕೊಳ್ಳಲು ನಂತರದವರು ಅವರ ಬರಹವನ್ನೇ ಹಿಡಿದುಕೊಂಡು ಕೊಟ್ಟಿಗೆಹಾರದಂತಹ ಮೂಲಸ್ಥಳಗಳಲ್ಲಿ ಮತ್ತೆ ಹುಡುಕಬೇಕಾಯಿತು. ಗೊದಮೊಟ್ಟೆಯ ಹಂತವಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಯಾಗುವ ಪೊದೆಗಪ್ಪೆಗಳ ಕುಲಕ್ಕೆ 2010ರಲ್ಲಿ ಅವರ ನೆನಪಿನಲ್ಲಿ ರಾವೋರ್ಕೆಸ್ಟಿಸ್ ಎಂಬ ಹೆಸರು ಬಂದಿತು. ಮೈಸೂರಿನ ಶಾಲಾಮಕ್ಕಳಿಗೆ ಈ ಸಂಗತಿಯನ್ನು ಯಾರೂ ಹೇಳದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ.