ಅಕ್ಕಿ ಇದೆ, ಮೇಲೆ ಹಾಕಿಕೊಳ್ಳೋಕೆ ಏನೂ ಇಲ್ಲ

ಜುಲೈ ಬಂತು ಅಂದರೆ ಹೊಸನಗರ ಕಡೆ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಮಳೆ ಸ್ವಲ್ಪ ಹೊಳವಾದರೆ ಸಾಕು, ಮೈಲುತುತ್ತ ಸುಣ್ಣ ಕಲಸಿ, ಪೈಪು ಹಿಡಿದು ಮರ ಹತ್ತಬೇಕು. ಮರವೆಲ್ಲ ಪಾಚಿ ಕಟ್ಟಿ ಜಾರುತ್ತಿರುತ್ತದೆ. 2025ರ ಮಳೆಗಾಲದಲ್ಲಿ ನನ್ನ ತವರಿನ ಪಕ್ಕದ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸದವನು, ಹಾಗೇ ಜಾರಿ ಬಿದ್ದ. ತೊಡೆ ಮೂಳೆ ಮುರಿಯಿತು. ರಾತ್ರೋರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತಂದರು.

ಅವನ ಹೆಂಡತಿ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮ ಮನೆಗೆ ಅಡಿಕೆ ಸುಲಿಯೋಕೆ ಬರುತ್ತಿದ್ದವರ ಮಗಳು. ಶಿವಮೊಗ್ಗದಲ್ಲಿ ಅವಳಿಗೆ ಪರಿಚಯ ಅಂತ ಇದ್ದದ್ದು ಗಾಡಿಕೊಪ್ಪದಲ್ಲಿ ಬಾಡಿಗೆಗಿರುವ ತಂಗಿ ಮತ್ತು ಗೋಪಾಳದಲ್ಲಿರುವ ನಾನು. ನಾಲ್ಕು ವರ್ಷದ ಮಗಳನ್ನು ತಂಗಿ ಮನೆಯಲ್ಲಿ ಬಿಟ್ಟಿದ್ದಳು. ಶಾಲೆಗೆ ಹೋಗುವ ಮಗ ಊರಲ್ಲೇ ಅಜ್ಜಿ ಹತ್ತಿರ. ತಂಗಿಯ ಗಂಡ ಗಾರೆ ಕೆಲಸದವನು. ಮಳೆಗಾಲದಲ್ಲಿ ಅವನಿಗೂ ಕೆಲಸ ಅಷ್ಟಕ್ಕಷ್ಟೇ. ಇದ್ದ ಮನೆಯ ಊಟಕ್ಕೆ ಇನ್ನೊಂದು ಬಾಯಿ ಸೇರಿಸಿದೆ ಅನ್ನೋದೇ ಅವಳಿಗೆ ದೊಡ್ಡ ಸಂಕಟವಾಗಿತ್ತು.

ನಾನು ವಾರ್ಡಿಗೆ ಹೋದಾಗ ಮಂಚದ ಪಕ್ಕ ತಟ್ಟೆ ಇತ್ತು. ಅರ್ಧ ಅನ್ನ ಹಾಗೇ ಉಳಿದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಗೆ ಊಟ ಕೊಡುತ್ತಾರೆ. ಜೊತೆಗಿರುವವರ ಊಟ ಅವರವರೇ ನೋಡಿಕೊಳ್ಳಬೇಕು. "ಇವ್ರಿಗೆ ಊಟ ಸೇರಲ್ವಂತೆ ಅಕ್ಕಾ" ಅಂದಳು. ಸೇರದೆ ಏನು, ಹೆಂಡತಿಗೆ ಅಂತ ಬಿಡುತ್ತಿದ್ದ. ಮೂಳೆ ಕೂಡಬೇಕಾದವನು ಅರ್ಧ ಹೊಟ್ಟೆಯಲ್ಲಿ, ಅವನನ್ನು ಎತ್ತಿ ಇಳಿಸಬೇಕಾದವಳು ಇನ್ನರ್ಧ ಹೊಟ್ಟೆಯಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಹಸಿವಿಲ್ಲ ಅಂತ ಹೇಳಿಕೊಂಡು ದಿನ ಕಳೆಯುತ್ತಿದ್ದರು. ಇವತ್ತು ಅಂಗಡಿ ತೆಗೆಯೋದು ಬೇಡ, ಇವಳ ಜೊತೆ ಓಡಾಡಿ ಏನು ಸಿಗುತ್ತೋ ನೋಡೇಬಿಡೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ. ನನ್ನದು ಹೊಲಿಗೆ ಅಂಗಡಿ, ಆಷಾಢದಲ್ಲಿ ಬ್ಲೌಸುಗಳೂ ಕಡಿಮೆ.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಒಂದು ಗಾಡಿ ಬರುತ್ತದೆ ಅಂತ ಪಕ್ಕದ ಮಂಚದವರು ಹೇಳಿದರು. ಯಾರೋ ಪುಣ್ಯಾತ್ಮರು ಅನ್ನ ಸಾಂಬಾರ್ ತಂದು ರೋಗಿಗಳ ಕಡೆಯವರಿಗೆ ಬಡಿಸುತ್ತಾರೆ, ಬೋರ್ಡೂ ಇಲ್ಲ, ಬ್ಯಾನರೂ ಇಲ್ಲ. ಅದು ಇವಳಿಗೂ ಗೊತ್ತಿತ್ತು. ಹೋಗಿರಲಿಲ್ಲ. "ಅಲ್ಲಿ ಸಾಲಲ್ಲಿ ನಿಂತ್ಕೊಳ್ಳಕೆ ಒಂಥರಾ ಆಗುತ್ತೆ ಅಕ್ಕಾ. ಯಾರಾದ್ರೂ ಊರವ್ರು ನೋಡಿದ್ರೆ?"

ಇದೇ ಹುಡುಗಿ ಸಿಗಂದೂರಿಗೆ ಹೋದರೆ, ಹೊರನಾಡಿಗೆ ಹೋದರೆ ಸಾಲಲ್ಲಿ ನಿಂತು ಸಂತೋಷವಾಗಿ ಉಂಡು ಬರುತ್ತಾಳೆ. ಅಲ್ಲಿ ಅದು ಪ್ರಸಾದ. ಕೋಟಿ ಇದ್ದವರೂ ಅದೇ ಪಂಕ್ತಿಯಲ್ಲಿ ಕೂರುತ್ತಾರೆ, ಹಾಗಾಗಿ ಯಾರಿಗೂ ಕೀಳು ಅನ್ನಿಸುವುದಿಲ್ಲ. ಆಸ್ಪತ್ರೆ ಗೇಟಿನಲ್ಲಿ ಇಲ್ಲದವರು ಮಾತ್ರ ನಿಲ್ಲುತ್ತಾರೆ. ಕಷ್ಟ ಇರುವುದು ಅಲ್ಲೇ. ನಾನೂ ಅವಳ ಜೊತೆ ತಟ್ಟೆ ಹಿಡಿದು ನಿಂತೆ, ಅಲ್ಲೇ ಉಂಡೆ. ಬಿಸಿ ಅನ್ನ, ನುಗ್ಗೆಕಾಯಿ ಸಾಂಬಾರು, ಉಪ್ಪಿನಕಾಯಿ. ಬಡಿಸುತ್ತಿದ್ದ ಹಿರಿಯರೊಬ್ಬರು ಅವಳ ಮುಖ ನೋಡದೆ ತಟ್ಟೆ ಮಾತ್ರ ನೋಡಿ, "ಇನ್ನೊಂದು ಸೌಟು ಹಾಕ್ಲಾ ತಾಯಿ?" ಅಂದರು. ಮುಖ ನೋಡದೆ ಬಡಿಸುವುದು ಎಷ್ಟು ದೊಡ್ಡ ಮರ್ಯಾದೆ ಅಂತ ನನಗೆ ಅವತ್ತು ಕಂಡಿತು. ಅವಳು ಮತ್ತೆ ಹಾಕಿಸಿಕೊಂಡಳು.

ಬೆಳಿಗ್ಗೆ ರಾತ್ರಿಗೆ ಇಂದಿರಾ ಕ್ಯಾಂಟೀನ್ ಇದೆ ಅಂತ ತೋರಿಸಿಕೊಟ್ಟೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಆಮೇಲೆ ನಮ್ಮ ಊರಿಗೂ ಬಂತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಪುಕ್ಕಟೆ ಅಲ್ಲ, ಆದರೆ ದುಡ್ಡು ಕೊಟ್ಟು ತಿಂದೆ ಅನ್ನುವ ಸಮಾಧಾನ ಇರುತ್ತದೆ ಅಲ್ವಾ. ಅವಳಿಗೆ ಅದು ಬೇಗ ಒಗ್ಗಿತು.

ಆಮೇಲೆ ರೇಷನ್ ವಿಷಯ. ಚಿಕಿತ್ಸೆಗೆ ಬೇಕು ಅಂತ ಬಿಪಿಎಲ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದೇ ಇದ್ದಳು. ಆ ತಿಂಗಳ ಅಕ್ಕಿ ಎತ್ತಿರಲಿಲ್ಲ. ಊರಿಗೆ ಹೋಗದೆ ಹೇಗೆ ಎತ್ತೋದು ಅನ್ನೋದು ಅವಳ ಚಿಂತೆ. ಕಾರ್ಡು ಹೊಸನಗರದ್ದಾದರೂ ಶಿವಮೊಗ್ಗದ ಸೊಸೈಟಿಯಲ್ಲಿ ಎತ್ತಬಹುದು. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಾದರೂ ನಡೆಯುತ್ತದೆ. ಈಗ ದೇಶದಲ್ಲೇ ಎಲ್ಲಿ ಬೇಕಾದರೂ ಆಗುತ್ತದೆ. ಕಾರ್ಡಿನಲ್ಲಿ ಹೆಸರಿರುವ ಯಾರಾದರೂ ಒಬ್ಬರು ಹೋಗಿ ತಂಬ್ ಕೊಟ್ಟರೆ ಸಾಕು.

ಮೊದಲು ಹೋದ ಅಂಗಡಿಯಲ್ಲಿ "ನಿಮ್ಮೂರಲ್ಲೇ ತಗೊಳ್ಳಮ್ಮಾ" ಅಂತ ಕಳಿಸಿಬಿಟ್ಟರು. ಇಂಥ ಹೊತ್ತಲ್ಲಿ ಆಹಾರ ಇಲಾಖೆಯ 1967 ನಂಬರಿಗೆ ಫೋನ್ ಮಾಡಿ ಹೇಳಬಹುದು, ದುಡ್ಡು ಹೋಗುವುದಿಲ್ಲ. ಜಗಳಕ್ಕೆ ನಿಲ್ಲುವ ಶಕ್ತಿ ಅವಳಿಗೆ ಇರಲಿಲ್ಲ, ಹಾಗಾಗಿ ಇನ್ನೊಂದು ಸೊಸೈಟಿಗೆ ಹೋದೆವು. ಅಲ್ಲಿಯವರು ಮಾತಾಡದೆ ಮಿಷನ್ ಮುಂದೆ ಇಟ್ಟರು. ತೊಂದರೆ ಆದದ್ದು ಅವಳ ಬೆರಳಿಂದ. ಬಲಗೈ ಹೆಬ್ಬೆಟ್ಟು ಇಟ್ಟಳು, ಬರಲಿಲ್ಲ. ತೋರುಬೆರಳೂ ಬರಲಿಲ್ಲ. ನಾನು ಅವಳ ಕೈ ಹಿಡಿದು ನೋಡಿದೆ. ವರ್ಷ ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಬೆರಳು. ತುದಿಯೆಲ್ಲ ನುಣ್ಣಗೆ ಸವೆದಿತ್ತು, ಅಲ್ಲಲ್ಲಿ ಕತ್ತಿ ತಾಗಿದ ಗೀರು, ಉಗುರಿನ ಸಂದಿಯಲ್ಲಿ ಹೋಗದ ಕಪ್ಪು. ನಾಟಿ ಕೆಲಸದಿಂದ ನೇರ ಆಸ್ಪತ್ರೆಗೆ ಬಂದವಳು, ಕೆಸರು ನೀರಲ್ಲಿ ಕೆಟ್ಟ ಚರ್ಮ ಇನ್ನೂ ಸರಿಹೋಗಿರಲಿಲ್ಲ. ಸೊಸೈಟಿಯವರು ಒರೆಸೋಕೆ ಬಟ್ಟೆ ಕೊಟ್ಟು, "ತಲೆಗೂದ್ಲಿಗೆ ಸ್ವಲ್ಪ ಉಜ್ಜಿ ಇಡಮ್ಮಾ" ಅಂದರು. ಎಣ್ಣೆ ಪಸೆಗೆ ಗೆರೆ ಏಳುತ್ತದಂತೆ. ಒಂದೊಂದೇ ಬೆರಳು ಇಡುತ್ತಾ ಹೋದಳು. ಹಿಂದೆ ನಿಂತವರು ಯಾರೂ ಬೈಯಲಿಲ್ಲ, ಅವರಲ್ಲೂ ಎಷ್ಟೋ ಜನಕ್ಕೆ ಇದೇ ಕಥೆ. ಕೊನೆಗೆ ಎಡಗೈ ಉಂಗುರ ಬೆರಳಿಗೆ ಮಿಷನ್ ಒಪ್ಪಿಕೊಂಡಿತು.

ತಲೆಗೆ 10 ಕೆಜಿ, ನಾಲ್ಕು ಜನಕ್ಕೆ 40 ಕೆಜಿ ಅಕ್ಕಿ. ಅದರಲ್ಲಿ 5 ಕೇಂದ್ರದ್ದು, 5 ರಾಜ್ಯದ್ದು. 2023ರ ಜುಲೈಯಿಂದ ಒಂದೂವರೆ ವರ್ಷ ರಾಜ್ಯದ ಪಾಲಿನ ಅಕ್ಕಿಗೆ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ಆಟೋಗೆ ಅಂತ ಕಾಯುತ್ತಿದ್ದಾಗ ಬೈಕಿನಲ್ಲಿ ಕೂತಿದ್ದ ಒಬ್ಬ ಹತ್ತಿರ ಬಂದು ಮೆಲ್ಲಗೆ, "ಅಕ್ಕಿ ಕೊಡ್ತೀರಾ?" ಅಂತ ಕೇಳಿದ. ರೇಷನ್ ಅಕ್ಕಿ ಮಾರುವುದು ಅಪರಾಧ. ಆದರೂ ಅವಳು ಒಂದು ಗಳಿಗೆ ಯೋಚಿಸಿದಳು, ನನಗೆ ಅದು ಕಾಣಿಸಿತು. ಯಾಕೆ ಅಂತ ನಾನು ಕೇಳಲಿಲ್ಲ. ಸಂಜೆ ಅಜ್ಜಿಗೆ ಫೋನ್ ಮಾಡಿದಾಗ ಅದು ತಾನಾಗೇ ಗೊತ್ತಾಯಿತು.

ಅಜ್ಜಿಯದ್ದು ಬೇರೆ ಕಾರ್ಡು, ತೀರಾ ಬಡವರಿಗೆ ಕೊಡುವ ಅಂತ್ಯೋದಯದ್ದು. ಅದಕ್ಕೆ ಕೇಂದ್ರದಿಂದಲೇ ಕಾರ್ಡಿಗೆ 35 ಕೆಜಿ. "ಅಕ್ಕಿಗೇನು ಕಮ್ಮಿ ಇಲ್ಲ ಮಾರಾಯ್ತಿ, ಡಬ್ಬಿ ತುಂಬ ಇದೆ. ಮೇಲೆ ಹಾಕ್ಕಳ್ಳಕೆ ಏನೂ ಇಲ್ಲ" ಅಂದರು. ಮಗು ಮಧ್ಯಾಹ್ನ ಏನು ಉಣ್ತು ಅಂದರೆ ಗಂಜಿ, ಉಪ್ಪು. ರಾತ್ರಿಗೆ? ಅದೇ. "ಶಾಲೆಗೆ ರಜೆ ಕೊಟ್ಬಿಟ್ಟಿದಾರೆ, ಮಳೆಗೆ."

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಶಾಲೆ ಇದ್ದರೆ ಮಗುವಿಗೆ ಬೆಳಿಗ್ಗೆ ಬಿಸಿ ಹಾಲು, ಮಧ್ಯಾಹ್ನ ತರಕಾರಿ ಬೇಳೆ ಹಾಕಿದ ಸಾಂಬಾರು, ಜೊತೆಗೆ ಮೊಟ್ಟೆ. ಮೊದಲು ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನ ಆಗಿದೆ. ನಮ್ಮ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಜುಲೈಯಲ್ಲಿ ಮಳೆ ಜೋರಾದರೆ ಮೇಲಿಂದ ಮೇಲೆ ರಜೆ. ಹಳ್ಳ ದಾಟುವ ಮಕ್ಕಳು, ರಜೆ ಕೊಡಲೇಬೇಕು. ಆದರೆ ಕೂಲಿಯೂ ಇಲ್ಲದ, ತರಕಾರಿಯೂ ಇಲ್ಲದ ಅದೇ ದಿನಗಳಲ್ಲಿ ಮಗುವಿನ ಒಳ್ಳೆಯ ಊಟವೂ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಬೆಟ್ಟ ಕೊಡುವುದು ಬೇಕಾದಷ್ಟಿದೆ: ಕಳಲೆ, ಕೆಸು, ಅಣಬೆ. ತರೋಕೆ ಹೋಗುವವರು ಬೇಕಲ್ಲ. ಅಪ್ಪ ಮಂಚದಲ್ಲಿ, ಅಮ್ಮ ವಾರ್ಡಿನಲ್ಲಿ, ಅಜ್ಜಿಗೆ ಅಂಗಳ ದಾಟೋಕೆ ಕೋಲು ಬೇಕು.

ಮಗಳನ್ನು ಅಂಗನವಾಡಿಗೆ ಸೇರಿಸುವ ಕೆಲಸ ಸುಲಭವಾಗಿ ಆಯಿತು. ಗಾಡಿಕೊಪ್ಪದಲ್ಲಿ ತಂಗಿ ಮನೆ ಹತ್ತಿರ ಇರುವ ಅಂಗನವಾಡಿಯ ಟೀಚರ್ ಮಗುವಿನ ಹೆಸರು, ವಯಸ್ಸು ಬರೆದುಕೊಂಡು, "ನಾಳೆಯಿಂದ್ಲೇ ಕಳ್ಸಿ, ಎಷ್ಟು ದಿನ ಇರ್ತಾಳೋ ಇರ್ಲಿ" ಅಂದರು. ಅಲ್ಲಿ ಬಿಪಿಎಲ್, ಎಪಿಎಲ್ ಅಂತ ಇಲ್ಲ, ಮಗು ಆಗಿದ್ದರೆ ಆಯಿತು. ತಂಗಿ ಆಗ ಬಸುರಿ. ಬಸುರಿ ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಅಂತ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ ಇದೆ, ಮೊಟ್ಟೆ ಹಾಲಿನ ಸಮೇತ. ಮನೆಯಿಂದ ಕೂಗಳತೆ ದೂರದಲ್ಲಿದ್ದರೂ ಅವಳಿಗೆ ಯಾರೂ ಹೇಳಿರಲಿಲ್ಲ. ಟೀಚರ್ ಅವಳ ಹೆಸರನ್ನೂ ಬರೆದುಕೊಂಡರು.

ಉಳಿದದ್ದು ಅಕ್ಕಿಯ ಮೇಲಿನದ್ದು. ಬೇಳೆ, ಎಣ್ಣೆ, ಕಾಯಿ, ಹುಳಿ, ಖಾರ. ಬಡವರ ಮನೆ ದುಡ್ಡು ಈಗ ಹೋಗುವುದು ಇದಕ್ಕೆ. ಅಕ್ಕಿ ಮಾರುವವರನ್ನು ಬೈಯುವವರು ಬಹಳ ಇದ್ದಾರೆ. ಡಬ್ಬಿಯಲ್ಲಿ ಅಕ್ಕಿ ತುಂಬಿ, ಒಗ್ಗರಣೆಗೆ ಒಂದು ಹನಿ ಎಣ್ಣೆ ಇಲ್ಲದಿದ್ದಾಗ ಏನು ಮಾಡಬೇಕು ಅಂತ ಅವರು ಹೇಳುವುದಿಲ್ಲ.

ರಾತ್ರಿ ನಮ್ಮ ಬೀದಿಯ ಹೆಂಗಸರ ಹತ್ತಿರ ಮಾತಾಡಿದೆ. ನಾವು ತಿಂಗಳಿಗೊಮ್ಮೆ ಸಂಘ ಅಂತ ಸೇರುವವರು, ಸಾಲ ಕಂತು ಕಟ್ಟೋದು ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ಯಾರ ಮನೆಗೆ ಅಂತ ಹೆಸರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಒಬ್ಬರು ತೊಗರಿಬೇಳೆ ಕೊಟ್ಟರು, ಒಬ್ಬರು ಎಣ್ಣೆ, ಇನ್ನೊಬ್ಬರು ತೀರ್ಥಹಳ್ಳಿಯಿಂದ ಬಂದ ತೆಂಗಿನಕಾಯಿ. ದಿನಸಿ ಅಂಗಡಿಯವರು ಬೆಲ್ಲ, ಹುಣಸೆಹಣ್ಣಿಗೆ ದುಡ್ಡು ತಗೊಳ್ಳಲಿಲ್ಲ. ಹಿಂದಿನ ಮನೆಯ ಆಂಟಿ ತಾವು ಮಾಡಿಟ್ಟ ಹುಳಿಪುಡಿ ತಂದರು. ಒಂದು ಫೋಟೋ ತೆಗೀಬಹುದಾ, ಗ್ರೂಪಿಗೆ ಹಾಕೋಕೆ ಅಂತ ಒಬ್ಬರು ಕೇಳಿದರು. ಬೇಡ ಅಂದೆ. ಕೊರೊನಾ ಸಮಯದಲ್ಲಿ ಒಂದು ಕಿಟ್ಟನ್ನು ಐದಾರು ಜನ ಹಿಡಿದುಕೊಂಡು, ತಗೊಳ್ಳುವವರನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಫೋಟೋದಲ್ಲಿ ಯಾರ ತಲೆ ಬಗ್ಗಿರುತ್ತಿತ್ತು ಅಂತಲೂ ನೋಡಿದ್ದೇವೆ. ಕೇಳಿದವರು ಒಪ್ಪಿದರು, ಬೇಜಾರು ಮಾಡಿಕೊಳ್ಳಲಿಲ್ಲ. ಅರ್ಧ ಸಾಮಾನು ಗಾಡಿಕೊಪ್ಪಕ್ಕೆ ಹೋಯಿತು. ಇನ್ನರ್ಧ ಬೆಳಿಗ್ಗೆ ಹೊಸನಗರ ಬಸ್ಸಿಗೆ ಹೊರಟಿದ್ದ ನಮ್ಮೂರವರ ಕೈಯಲ್ಲಿ ಅಜ್ಜಿಗೆ.

ಮಾರನೇ ದಿನ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ವಾರ್ಡಿನ ಸಿಸ್ಟರ್‌ಗೆ ಕೊಟ್ಟೆ. ಗೇಟಿನ ಹತ್ತಿರ ಊಟ ಸಿಗುವ ಹೊತ್ತು, ಕ್ಯಾಂಟೀನಿಗೆ ಹೋಗುವ ದಾರಿ, ಬೇರೆ ಊರಿನ ಕಾರ್ಡಿಗೂ ಇಲ್ಲಿ ರೇಷನ್ ಸಿಗುತ್ತದೆ ಅನ್ನೋದು, 1967. "ನಾವೂ ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು" ಅಂತ ಅವರು ಅದನ್ನು ಕುಡಿಯುವ ನೀರಿನ ನಲ್ಲಿ ಪಕ್ಕ ಅಂಟಿಸಿದರು. ಎಲ್ಲರೂ ಬಾಟಲಿ ತುಂಬೋಕೆ ಬಂದು ನಿಲ್ಲುವ ಜಾಗ, ಓದೋಕೆ ಪುರುಸೊತ್ತು ಇರುತ್ತದೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡುವ ತೀರ್ಮಾನ ಮಾಡಿತು. ಪೇಪರಿನಲ್ಲಿ ಓದಿದ ಕೂಡಲೇ ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಬರ್ಲಿ, ಬಂದ್ರೆ ಒಳ್ಳೇದು" ಅಂದರು.

ಅವಳ ಗಂಡ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾನೆ. ಮರ ಹತ್ತುವುದು ಸದ್ಯಕ್ಕೆ ದೂರದ ಮಾತು. ಕೊಯ್ಲು ಶುರುವಾದ ಮೇಲೆ ಅವಳಿಗೆ ಸುಲಿಯುವ ಕೆಲಸ ಸಿಕ್ಕಿತು, ಬೇಳೆ ಎಣ್ಣೆ ತರೋಕೆ ಆಗುತ್ತಿದೆ. ಮುಂದಿನ ಮಳೆಗಾಲದ ರಜೆಗಳ ಬಗ್ಗೆ ನಾವಿಬ್ಬರೂ ಬಹಳ ಮಾತಾಡಿದ್ದೇವೆ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಅಕ್ಕಿ ಬೇಳೆಯನ್ನು ಅಳೆದು ಮಕ್ಕಳ ಮನೆಗೇ ಕೊಟ್ಟಿದ್ದರು. ಮಳೆ ರಜೆಗೂ ಹಾಗೆ ಮಾಡಬಹುದು. ಮಗನ ಶಾಲೆಯ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಮಾತು ಎತ್ತು ಅಂತ ಹೇಳಿದೆ. "ಬರ್ದು ಕೊಡಿ ಅಕ್ಕಾ, ನಾನೇ ಎದ್ದು ನಿಂತು ಓದ್ತೀನಿ" ಅಂದಳು. ಬರೆದು ಕಳಿಸಿದ್ದೇನೆ.